ಬೊಟ್ಟು ಮಾಡಬಾರದ ನೆಲ

ಸಮಾಧಿಯ ಕಡೆ ಬೊಟ್ಟು ಮಾಡಿ ತೋರಿಸಬಾರದು. ತೋರಿಸಿದರೆ ಆ ಬೆರಳು ಕೊಳೆಯುತ್ತದೆ. ನಮ್ಮ ಊರಿನಲ್ಲಿ ಇದನ್ನು ಯಾರೂ ಯಾರಿಗೂ ಕೂತು ಕಲಿಸುವುದಿಲ್ಲ. ಮಗು ಕೈ ಎತ್ತಿದಾಗ ಪಕ್ಕದಲ್ಲಿದ್ದವರು ಯಾರೋ ಆ ಪುಟ್ಟ ಬೆರಳನ್ನು ಹಿಡಿದು ಅಂಗೈಯೊಳಕ್ಕೆ ಮಡಚುತ್ತಾರೆ, ಅಷ್ಟೇ. ಮರೆತು ತೋರಿಸಿಬಿಟ್ಟರೆ ಪರಿಹಾರವೂ ಉಂಟು. ನಿಂತ ಕಾಲಲ್ಲೇ ಹತ್ತೂ ಬೆರಳನ್ನು ಒಂದೊಂದಾಗಿ ಕಚ್ಚಿಕೊಳ್ಳಬೇಕು. ಆಗ ತೋರಿಸಿದ್ದು ತೋರಿಸಲಿಲ್ಲವೆಂದು ಆಗುತ್ತದೆ.

ನಮ್ಮ ದ್ವೀಪದ ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ ಚರಿತ್ರೆ ಓದುವಾಗ ಹಾಸ್ಟೆಲಿನ ಹುಡುಗಿಯರ ಜೊತೆ ನಾನೂ ಇದಕ್ಕೆ ನಕ್ಕಿದ್ದೆ. ನಕ್ಕರೂ ಬೊಟ್ಟು ಮಾಡುವ ಅಭ್ಯಾಸ ನನಗೆ ಬರಲೇ ಇಲ್ಲ. ಬಸ್ಸನ್ನಾಗಲಿ ಚಂದ್ರನನ್ನಾಗಲಿ ಅಂಗೈ ಬಿಡಿಸಿಯೇ ತೋರಿಸುತ್ತೇನೆ. ಆಮೇಲೆ ಜಾಗ ತೋರಿಸುವುದೇ ನನ್ನ ಕೆಲಸವಾಯಿತು.

ಡಿಗ್ರಿ ಮುಗಿಸಿ ಊರಿಗೆ ವಾಪಸು ಬಂದಾಗ ಸಿಕ್ಕ ಕೆಲಸ ಅದೊಂದೇ. ಕಡಲ ದಂಡೆಯ ರೆಸಾರ್ಟಿಗೆ ಬಂದ ಅತಿಥಿಗಳನ್ನು ವ್ಯಾನಿನಲ್ಲಿ ಸುತ್ತಿಸಬೇಕು: ಜಲಪಾತ, ಹಳೆಯ ಆಲೆಮನೆಯ ಗಾಳಿಗಿರಣಿ, ಗುಡ್ಡದ ಮೇಲಿನ ಕಲ್ಲಿನ ಚರ್ಚು, ಕೊನೆಗೆ ನೀಲಿ ಮಡು. ಹೊಸಬರ ಎದುರು ಬಾಯಿ ಬಿಡಲು ಬೆವರುವವಳು ನಾನು. ಹೇಳಬೇಕಾದದ್ದನ್ನು ಮೊದಲೇ ಡೈರಿಯಲ್ಲಿ ಬರೆದು ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ; ಬರೆದದ್ದಕ್ಕಿಂತ ಒಂದು ಮಾತು ಹೆಚ್ಚು ಆಡುತ್ತಿರಲಿಲ್ಲ. ಉಳಿದದ್ದನ್ನು ವ್ಯಾನ್ ಓಡಿಸುವ ಮಾಸ್ ಗ್ಲಾಸ್ಟನ್ ನೋಡಿಕೊಳ್ಳುತ್ತಿದ್ದರು; ಹಿರಿಯ ಗಂಡಸರನ್ನು ನಾವು ಮಾಸ್ ಎಂದೇ ಕರೆಯುವುದು.

"ನೀನು ಕೈ ಎತ್ತಿದಾಗೆಲ್ಲ ನಂಗೆ ಭಯ ಕಣೇ ಡೆಲ್ರೀನ್," ಎನ್ನುತ್ತಿದ್ದರು. "ಎಲ್ಲಿ ಜಲಪಾತದ ಕಪಾಳಕ್ಕೆ ಬಾರಿಸ್ತೀಯೋ ಅಂತ."

ಬೊಟ್ಟು ಮಾಡುವ ಕೆಲಸಕ್ಕೆ ರೆಸಾರ್ಟಿನವರು ಬೇರೆ ವ್ಯವಸ್ಥೆ ಮಾಡಿದ್ದರು. ಪ್ರತಿ ಜಾಗದ ದಾರಿಯ ತಿರುವಿನಲ್ಲೂ ಒಂದು ಮರದ ಕೈ: ಬಿಳಿ ಬಣ್ಣ, ಮಡಚಿದ ನಾಲ್ಕು ಬೆರಳು, ನೀಟಾಗಿ ಚಾಚಿದ ತೋರುಬೆರಳು. ಅದರ ಮೇಲೆ ಜಾಗದ ಹೆಸರು. ಇದು ಮ್ಯಾನೇಜರ್ ಟುಲಕ್ ಅವರ ತಲೆಯಿಂದ ಬಂದ ಯೋಚನೆ. ಅತಿಥಿಗಳು ಅದರ ಪಕ್ಕ ನಿಂತು ತಾವೂ ಬೆರಳು ಚಾಚಿ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಮಡುವಿಗೆ ವ್ಯಾನು ಹೋಗುವುದಿಲ್ಲ. ರೆಸಾರ್ಟಿನ ಬೇಲಿ ಮುಗಿದಲ್ಲಿ ಇಳಿದು, ನಮ್ಮ ನೆಲದ ಅಂಚಿನ ಕಾಲುದಾರಿಯಲ್ಲಿ ಸುತ್ತಿಕೊಂಡು ನಡೆಯಬೇಕು. ನಮ್ಮ ನೆಲ ಎಂದರೆ ನನ್ನದೂ ಅಲ್ಲ, ನನ್ನ ಅಯೋನಿ ದೊಡ್ಡಮ್ಮನದೂ ಅಲ್ಲ. ಗುಲಾಮಗಿರಿ ಮುಗಿದ ಕಾಲದಲ್ಲಿ ಫಿಬ್ಬಾ ಎಂಬ ನಮ್ಮ ಮೂಲಜ್ಜಿ ಸಂಪಾದಿಸಿದ್ದು. ಅವಳ ಹೊಟ್ಟೆಯಿಂದ ಇಳಿದುಬಂದವರಿಗೆಲ್ಲ ಸೇರಿದ್ದು; ಹೋದವರಿಗೆ, ಇರುವವರಿಗೆ, ಇನ್ನೂ ಹುಟ್ಟಬೇಕಾದವರಿಗೆ. ಹಾಗಾಗಿ ಯಾರ ಹೆಸರಿನಲ್ಲೂ ಕಾಗದವಿಲ್ಲ. ಬಾದಾಮಿ ಮರಗಳ ನೆರಳಿನ ಆ ಇಳಿಜಾರಿನಲ್ಲಿ ನಮ್ಮವರು ಮಡುವಿನ ಕಡೆಗೆ ಕಾಲು ಚಾಚಿ ಮಲಗಿದ್ದಾರೆ. ಸಿಮೆಂಟಿನ ಗೋರಿ ಒಂದೂ ಇಲ್ಲ. ಒಬ್ಬೊಬ್ಬರ ತಲೆಯ ಹತ್ತಿರ ಒಂದೊಂದು ಕ್ರೋಟನ್ ಗಿಡ. ತಿಳಿಯದವರ ಕಣ್ಣಿಗೆ ಯಾರೋ ಆಸೆಯಿಂದ ನೆಟ್ಟು ಆಮೇಲೆ ಮರೆತುಬಿಟ್ಟ ತೋಟ. ಹಳದಿ ಚುಕ್ಕೆಯ ಎಲೆಯ, ಇನ್ನೂ ನನ್ನ ಸೊಂಟಕ್ಕೂ ಬಾರದ ಗಿಡದ ಬುಡದಲ್ಲಿ ಅಮ್ಮ ಇದ್ದಾಳೆ. ನಾನು ಕೊನೆಯ ಪರೀಕ್ಷೆ ಬರೆಯುತ್ತಿದ್ದಾಗ ಹೋದವಳು.

ಆ ಬೆಳಗ್ಗೆ ಅತಿಥಿಗಳ ಮುಂದೆ ನಡೆಯುತ್ತಿದ್ದಾಗ ಅಮ್ಮನ ಗಿಡಕ್ಕೆ ಒತ್ತಿಕೊಂಡು ಒಂದು ಗೂಟ ಕಾಣಿಸಿತು. ಹೊಸದಾಗಿ ಸೀಳಿದ ಮರ, ತುದಿಗೆ ಕೆಂಪು ಪಟ್ಟಿ. ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು. ಗೂಟಗಳ ಸಾಲು ಬೇಲಿಯಿಂದ ಮಡುವಿನವರೆಗೆ, ನಮ್ಮವರ ಮೈಮೇಲೆ ಹಾದು, ಗೆರೆ ಎಳೆದ ಹಾಗೆ ಇಳಿದಿತ್ತು.

"ಈ ಕೆಂಪು ಪಟ್ಟಿಗಳು ಏನಾದ್ರೂ ಹಬ್ಬಕ್ಕಾ?" ಎಂದು ಒಬ್ಬ ಅತಿಥಿ ಕೇಳಿದಳು.

"ಗೊತ್ತಿಲ್ಲ," ಎಂದೆ. ಅವರೆಲ್ಲ ಮುಂದೆ ಹೋದ ಮೇಲೆ ಅಮ್ಮನ ಪಕ್ಕದ ಗೂಟದ ಪಟ್ಟಿಯನ್ನು ಕಿತ್ತೆ. ಗೂಟದ ಸಿಬಿರೊಂದು ಬಲಗೈಯ ತೋರುಬೆರಳಿಗೆ ಹೊಕ್ಕಿತು. ಎಳೆದು ಬಿಸಾಡಿ, ಬೆರಳನ್ನು ಚೀಪುತ್ತ ಮಡುವಿಗೆ ಇಳಿದು, ಅದರ ಆಳದ ಬಗ್ಗೆ ಬಾಯಿಪಾಠ ಮಾಡಿದ್ದನ್ನು ಹೇಳಿದೆ.

ಮಧ್ಯಾಹ್ನ ಟುಲಕ್ ಅವರೇ ನನ್ನನ್ನು ಕರೆಸಿದರು.

"ಬಾ ಡೆಲ್ರೀನ್, ಬಾ. ನಿಂಗೊಂದು ಒಳ್ಳೆ ಸುದ್ದಿ. ಇನ್ನು ಮೇಲೆ ಆ ಮುಳ್ಳುದಾರೀಲಿ ಸುತ್ತಬೇಕಾಗಿಲ್ಲ. ಬೇಲಿಯಿಂದ ಮಡುವಿಗೆ ನೇರ ಮೆಟ್ಟಿಲು ಹಾಕಿಸ್ತಿದ್ದೀವಿ."

"ಆದ್ರೆ ಸಾರ್, ಆ ಜಾಗ..."

"ಸರ್ಕಾರದಿಂದ ಗುತ್ತಿಗೆಗೆ ಸಿಕ್ಕಿದೆ. ಯಾರ ಹೆಸರಲ್ಲೂ ಇಲ್ಲ ಅದು. ಸರ್ವೆಯ ಪಿನಾಕ್ ಬಂದು ನೋಡ್ಕೊಂಡು ಹೋದ್ರಲ್ಲ, ಖಾಲಿ ಜಾಗ ಅಂತ ಬರೆದಿದ್ದಾರೆ. ಸುಮ್ಮನೆ ಬರೆದಿಲ್ಲ, ನಿಮ್ಮ ಮನೆಯವರನ್ನೇ ಕೇಳಿದ್ರಂತೆ. ಶುಕ್ರವಾರ ಕೊನೇ ಅಳತೆ. ಆಮೇಲೆ ಮಣ್ಣು ತೆಗೆಯೋ ಯಂತ್ರ ಬರುತ್ತೆ."

"ಸಾರ್, ಅಲ್ಲಿ ನಮ್ಮಮ್ಮ..."

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಅದನ್ನು ಕಿವಿಗೆ ಇಟ್ಟುಕೊಳ್ಳುತ್ತಲೇ ನಕ್ಕರು. "ಅಮ್ಮ ಚೆನ್ನಾಗಿದ್ದಾರಾ? ನಾನು ಕೇಳಿದೆ ಅಂತ ಹೇಳು."

ಹೂಂ ಎಂದು ಹೊರಗೆ ಬಂದೆ.

ಮನೆಯಲ್ಲಿ ದೊಡ್ಡಮ್ಮ ಅಂಗಳದ ಒಲೆಯ ಕೆಂಡದ ಮೇಲೆ ದೀಗುಜ್ಜೆಕಾಯಿ ಸುಡುತ್ತ ಕೂತಿದ್ದಳು. ಸರ್ವೆಯವರು ಬಂದಿದ್ದರಾ ಎಂದು ಕೇಳಿದೆ.

"ಬಂದಿದ್ದ. ಒಳ್ಳೆ ಹುಡುಗ. ಪಟ್ಟಣದೋನಾದ್ರೂ ಮಿಸ್ ಅಯೋನಿ, ಮಿಸ್ ಅಯೋನಿ ಅಂತ ಬಾಯ್ತುಂಬ ಕರೆದ. ಪುದೀನ ಟೀ ಕೊಟ್ಟೆ, ಕುಡಿದ."

"ಏನು ಕೇಳಿದ?"

"ಇಲ್ಲಿ ಯಾರಾದ್ರೂ ಇದ್ದಾರಾ ಅಂತ ಕೇಳಿದ. ಇಲ್ದೆ ಏನಪ್ಪ, ನಮ್ಮೋರೆಲ್ಲ ಕೆಳಗೇ ಇದ್ದಾರಲ್ಲ ಅಂದೆ."

ನಮ್ಮ ಮನೆಯಲ್ಲಿ ನಮ್ಮವರ ಬಗ್ಗೆ ಸತ್ತರು ಎಂಬ ಮಾತು ಆಡುವುದಿಲ್ಲ. ಕೆಳಗೆ ಹೋದರು, ಕೆಳಗಿದ್ದಾರೆ, ಅಷ್ಟೇ. "ಆಮೇಲೆ?" ಎಂದೆ.

"ಇಳಿದುಹೋಗಿ ಮಡುವಿನ ತನಕ ನೋಡ್ಕೊಂಡು ಬಂದ. ಯಾರೂ ಕಾಣ್ಲಿಲ್ವಲ್ಲ ಮಿಸ್ ಅಯೋನಿ ಅಂದ. ಹೆಂಗೆ ಕಾಣ್ತಾರೆ ಮಗನೆ, ಮಲಗಿದ್ದಾರಲ್ಲ ಅಂದೆ. ಹಾಗಾದ್ರೆ ಎಬ್ಬಿಸೋದು ಬೇಡ ಬಿಡಿ ಅಂದ. ಈ ಕಾಲದ ಹುಡುಗ್ರಿಗೂ ಇಷ್ಟು ತಿಳಿವಳಿಕೆ ಇದ್ಯಲ್ಲ ಅಂತ ಖುಷಿಯಾಯ್ತು."

ಗೂಟಗಳ ಬಗ್ಗೆ ಹೇಳಿದೆ. ಮೆಟ್ಟಿಲ ಬಗ್ಗೆ, ಯಂತ್ರದ ಬಗ್ಗೆ ಹೇಳಿದೆ. ದೀಗುಜ್ಜೆಯ ಒಂದು ಮಗ್ಗುಲು ಕರಿಕಾಗಿ ಹೊಗೆ ಎದ್ದರೂ ದೊಡ್ಡಮ್ಮ ಹೊರಳಿಸಲಿಲ್ಲ.

"ಬರಲಿ ಶುಕ್ರವಾರ," ಎಂದಳು ಕೊನೆಗೆ. "ಬಿಡಿಸಿ ಹೇಳ್ತೀನಿ."

"ಹೇಳಿದ್ರೆ ಸಾಲದು ದೊಡ್ಡಮ್ಮ. ನಕ್ಷೇಲಿ ಬರಬೇಕು ಅಂದ್ರೆ ಯಾರೆಲ್ಲಿದ್ದಾರೆ ಅಂತ ತೋರಿಸ್ಬೇಕು."

ದೊಡ್ಡಮ್ಮ ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು.

ಶುಕ್ರವಾರ ಪಿನಾಕ್ ಬಂದಾಗ ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ತೆಳ್ಳಗಿನ ಮನುಷ್ಯ, ಬೆವರಿನಲ್ಲಿ ಕನ್ನಡಕ ಜಾರುತ್ತಿತ್ತು. ದೊಡ್ಡಮ್ಮ ವಿಷಯ ಬಿಡಿಸಿ ಹೇಳಿದಾಗ ಅವರು ಟೋಪಿ ತೆಗೆದರು.

"ನನ್ನದು ತಪ್ಪಾಯ್ತು ಮಿಸ್ ಅಯೋನಿ. ಮಧ್ಯಾಹ್ನ ಮಲಗಿ ನಿದ್ದೆ ಮಾಡ್ತಿದ್ದಾರೆ ಅಂದ್ಕೊಂಡೆ."

"ನಿದ್ದೇನೇ ಅಲ್ವಾ ಮಗನೆ ಅದು," ಎಂದಳು ದೊಡ್ಡಮ್ಮ.

"ಸಮಾಧಿ ಇರೋ ಕಡೆ ಅಗೆಯೋ ಹಾಗಿಲ್ಲ. ನಕ್ಷೇಲಿ ಹಾಕಿದ್ರೆ ದಾರಿ ಬದಲಾಗುತ್ತೆ. ಆದ್ರೆ ಒಂದೊಂದನ್ನೂ ಹಾಕ್ಬೇಕು. ಹಾಕದೆ ಇರೋ ಕಡೆಗೆ ನಾನು ಜವಾಬ್ದಾರನಲ್ಲ."

ಅವರು ಇಳಿಜಾರಿನ ಮೇಲೆ ಮೂರು ಕಾಲಿನ ಯಂತ್ರ ನಿಲ್ಲಿಸಿಕೊಂಡರು. ಅಳತೆಯ ಕೋಲು ಹಿಡಿಯುವ ಆಳು ಕೆಳಗೆ ನಿಂತ. ದೊಡ್ಡಮ್ಮ ಬಿಳಿ ರಮ್ಮಿನ ಶೀಸೆ ತಂದು ನೆಲಕ್ಕೆ ಚಿಮುಕಿಸಿ, ಗದ್ದಲ ಮಾಡ್ತಿದ್ದೀವಿ, ತಪ್ಪು ತಿಳೀಬೇಡಿ ಎಂದು ಕೆಳಗಿನವರಿಗೆ ಹೇಳಿಕೊಂಡಳು.

"ಮೊದಲನೇದು ಎಲ್ಲಿ?" ಎಂದರು ಪಿನಾಕ್.

ದೊಡ್ಡಮ್ಮ ತುಟಿ ಮುಂದೆ ಮಾಡಿ ತೋರಿಸಿದಳು.

"ಎಲ್ಲಿ?"

"ಅಲ್ಲೇ, ಆ ಕಡೆ," ಎಂದು ಗದ್ದ ಎತ್ತಿದಳು.

"ಮಿಸ್ ಅಯೋನಿ, ತುಟಿಯಿಂದ ತೋರಿಸಿದ್ದನ್ನ ನಕ್ಷೆಗೆ ಹೇಗೆ ಹಾಕಲಿ? ಈ ಗಿಡಾನಾ, ಆ ಗಿಡಾನಾ? ಗಿಡಗಳೇ ನೂರಾರು ಇವೆ."

ಅದೂ ನಿಜವೇ. ನೆಟ್ಟ ಗಿಡಗಳ ಸುತ್ತ ತಾವಾಗಿಯೇ ಹಬ್ಬಿದವು ಎಷ್ಟೋ. ನಾನು ಅಂಗೈ ಬಿಡಿಸಿ ತೋರಿಸಿದೆ. ಅಂಗೈ ಇಡೀ ಇಳಿಜಾರನ್ನೇ ತೋರಿಸಿತು. ಕೋಲಿನವನು ಎಡಕ್ಕೆ ಹೋದ, ಬಲಕ್ಕೆ ಹೋದ, ಇಲ್ಲೇನಾ ಎಂದು ಕೇಳಿ ಕೋಲನ್ನು ಊರಲು ಎತ್ತಿದ. ಅದು ಹೆಸರಿಡುವ ಮುಂಚೆಯೇ ಹೋದ ನಮ್ಮ ಕೂಸೊಂದರ ನೇರ ಮೇಲಿತ್ತು.

"ಊರಬೇಡಪ್ಪ," ಎಂದಳು ದೊಡ್ಡಮ್ಮ. ಜೋರಾಗಿ ಅಲ್ಲ. ಆದರೂ ಅವನ ಕೈ ಗಾಳಿಯಲ್ಲೇ ನಿಂತಿತು. "ಕಬ್ಬಿಣ ಊರೋದು ಅಂದ್ರೆ ಎದೆಗೆ ಚುಚ್ಚಿದ ಹಾಗೆ. ದೂರ ನಿಂತ್ಕೊ."

ಪಿನಾಕ್ ಕನ್ನಡಕ ಒರೆಸಿಕೊಂಡರು. "ಊರೋ ಹಾಗಿಲ್ಲ, ತೋರಿಸೋ ಹಾಗಿಲ್ಲ. ನಾನೇನು ಮಾಡ್ಲಿ ಹೇಳಿ. ನಮ್ಮಜ್ಜೀನೂ ನನ್ನ ಬೆರಳು ಮಡಚಿದೋಳೇ. ಆದ್ರೆ ಸೋಮವಾರ ಬರೋ ಯಂತ್ರಕ್ಕೆ ಅಜ್ಜಿ ಇಲ್ಲ."

ಆಗ ನಾನು ಕೈ ಎತ್ತಿದೆ. ನಾಲ್ಕು ಬೆರಳು ಮಡಚಿದೆ. ತೋರುಬೆರಳೊಂದೇ ಹೊರಗೆ ಉಳಿದಾಗ ಅದು ನನ್ನದಲ್ಲವೇನೋ ಎನ್ನಿಸಿತು. ಎಲ್ಲರೆದುರು ಬಟ್ಟೆ ಕಳಚಿದ ಹಾಗೆ ಮೈಯೆಲ್ಲ ನಾಚಿತು. ಸಿಬಿರು ಹೊಕ್ಕ ಜಾಗ ಸ್ವಲ್ಪ ಕೆಂಪಗಾಗಿತ್ತು.

"ಆ ಕೆಂಪು ಎಲೆ ದೊಡ್ಡ ಗಿಡ," ಎಂದೆ. "ಅದರ ಬುಡ."

ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಳು. ಆದರೆ ಅವಳ ತುಟಿಯಿಂದ ಹೆಸರು ಬಂತು. "ಫಿಬ್ಬಾ."

ನಾನು ಬೊಟ್ಟು ಮಾಡುತ್ತಾ ಹೋದೆ, ಅವಳು ಹೆಸರು ಹೇಳುತ್ತಾ ಹೋದಳು. ಮಾಸ್ ಎಬೆನೀಜರ್. ಮಿಸ್ ಝಿಲ್ಫಾ. ಹೆಸರಿಲ್ಲದ ಕೂಸು. ಕಡಲಿನಿಂದ ವಾಪಸು ಬಂದ ದೋಣಿಯಲ್ಲಿ ಇಲ್ಲದವನು. ಅವನ ಗಿಡದ ಕೆಳಗೆ ಅವನ ಅಂಗಿ ಮಾತ್ರ ಇದೆ. ಪಿನಾಕ್ ಯಂತ್ರದೊಳಗೆ ಕಣ್ಣಿಟ್ಟು ಪ್ರತಿಯೊಂದನ್ನೂ ಹಾಕಿಕೊಂಡರು. ಅಂಗಿಯದನ್ನೂ ಹಾಕಿಕೊಂಡರು.

ಹಳದಿ ಚುಕ್ಕೆಯ ಗಿಡದ ಹತ್ತಿರ ಬಂದಾಗ ದೊಡ್ಡಮ್ಮ ಹೆಸರು ಹೇಳಲಿಲ್ಲ. ಅವಳ ತಂಗಿಯದು ಅದು.

"ಇದು ನಮ್ಮಮ್ಮ," ಎಂದೆ ನಾನೇ.

ಕೆಲಸ ಮುಗಿಯಿತು. ಕೋಲಿನವನು ಗೂಟಗಳನ್ನು ಕೀಳಲು ಶುರುಮಾಡಿದ. ದೊಡ್ಡಮ್ಮ ಹತ್ತಿರ ಬಂದು, ಚಿಕ್ಕಂದಿನಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ, "ಕಚ್ಕೊ," ಎಂದಳು. "ಹತ್ತೂ."

ಕೈಯನ್ನು ಬಾಯಿಯವರೆಗೆ ತಂದೆ. ಕಚ್ಚಿದರೆ ತೋರಿಸಿದ್ದು ತೋರಿಸಲಿಲ್ಲವೆಂದು ಆಗುತ್ತದೆ. ಓದಿದವಳು ನಾನು, ನಕ್ಷೆಯ ಮೇಲಿನ ಗುರುತು ನನ್ನ ಹಲ್ಲಿಗೆ ಅಳಿಸಿಹೋಗುವುದಿಲ್ಲ ಎಂದು ಗೊತ್ತಿತ್ತು. ಆದರೂ ಒಂದು ವೇಳೆ ಅಳಿಸಿದರೆ? ಬಾಯಿ ತೆರೆಯಲಿಲ್ಲ. ಬೆರಳನ್ನು ಹಾಗೇ ಇಳಿಸಿದೆ. ದೊಡ್ಡಮ್ಮ ನೋಡಿದಳು, ಇನ್ನೊಂದು ಸಲ ಹೇಳಲಿಲ್ಲ.

ಸೋಮವಾರ ಯಂತ್ರ ಬರಲಿಲ್ಲ. ಬಂದದ್ದು ಟುಲಕ್ ಅವರ ಕರೆ. ಬೈಗುಳಕ್ಕೆ ಸಿದ್ಧಳಾಗಿ, ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿಕೊಂಡು ಹೋದೆ. ಅವರ ಮುಖ ಅರಳಿತ್ತು.

"ಚರಿತ್ರೆ ಓದಿದೋಳು ನೀನು, ಇಷ್ಟು ದಿನ ಬಾಯಿ ಯಾಕೆ ಬಿಡ್ಲಿಲ್ಲ? ಗುಲಾಮರ ಕಾಲದ ಸಮಾಧಿ ಭೂಮಿ ನಮ್ಮ ಬೇಲಿ ಪಕ್ಕದಲ್ಲೇ ಇದೆ ಅಂದ್ರೆ... ಮೆಟ್ಟಿಲು ಹೋದ್ರೆ ಹೋಗ್ಲಿ ಬಿಡು. ಅಗೆಯೋಕೆ ಆಗದಿದ್ರೂ ಜಾಗ ನಮ್ಮ ಗುತ್ತಿಗೇಲೇ ಇದೆ. ಜನ ಇಂಥದ್ದನ್ನ ನೋಡೋಕೆ ಎಲ್ಲೆಲ್ಲಿಂದಲೋ ಬರ್ತಾರೆ. ಜಲಪಾತ ಎಲ್ಲಾ ಕಡೆ ಇರುತ್ತೆ."

"ಸಾರ್, ಅದು ನೋಡೋ ಜಾಗ ಅಲ್ಲ."

ಇದು ನಾನು ಬರೆದುಕೊಂಡಿರದ ಮಾತು. ತಾನಾಗಿ ಬಂದದ್ದು.

"ಗೌರವದಿಂದಲೇ ನೋಡ್ತಾರಮ್ಮ," ಎಂದರು ಅವರು. ನಿಜಕ್ಕೂ ಮೆತ್ತಗೆ, ಸಮಾಧಾನ ಹೇಳುವಂತೆ. "ಬೇಲಿ ಹಾಕಿಸ್ತೀನಿ. ಕಸ ತೆಗೆಸ್ತೀನಿ. ನೀವೇ ಇಷ್ಟು ಚೆನ್ನಾಗಿ ನೋಡ್ಕೊಳ್ಳೋಕೆ ಆಗುತ್ತಾ ಹೇಳು."

ಮುಂದಿನ ವಾರ ನಮ್ಮ ಕಾಲುದಾರಿಯ ತಿರುವಿನಲ್ಲಿ ಹೊಸ ಮರದ ಕೈ ನಿಂತಿತ್ತು. ಬಿಳಿ ಬಣ್ಣ ಇನ್ನೂ ಅಂಟುತ್ತಿತ್ತು. ಅದರ ಚಾಚಿದ ಬೆರಳು ನೇರವಾಗಿ ನಮ್ಮವರ ಕಡೆಗೆ. ಬಿಸಿಲಿರಲಿ ಮಳೆಯಿರಲಿ ಅದು ತೋರಿಸುತ್ತಲೇ ಇರುತ್ತದೆ. ಕಚ್ಚಿಕೊಳ್ಳಲು ಅದಕ್ಕೆ ಬಾಯಿಲ್ಲ.

ದೊಡ್ಡಮ್ಮ ಅಂಗಳದಿಂದ ಅದನ್ನು ನೋಡಿದಳು. ನಾನು ಅವಳ ಬೈಗುಳಕ್ಕಾಗಿ ಕಾದೆ. ಬೈದಿದ್ದರೆ ಅಳಬಹುದಿತ್ತು.

ನನ್ನ ಬೆರಳು ಅಷ್ಟರಲ್ಲಿ ಊದಿಕೊಂಡಿತ್ತು. ಸಿಬಿರಿನ ಚೂರು ಒಳಗೇ ಉಳಿದಿರಬೇಕು ಎಂದರು ದವಾಖಾನೆಯ ನರ್ಸು; ಮಾತ್ರೆ ಕೊಟ್ಟರು. ಸಿಬಿರು ಹೊಕ್ಕದ್ದು ಬೊಟ್ಟು ಮಾಡುವ ಮುಂಚೆ. ಅದನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ. ದೊಡ್ಡಮ್ಮನಿಗೆ ಮಾತ್ರ ಹೇಳಲಿಲ್ಲ. ಅವಳು ಪ್ರತಿ ಸಂಜೆ ಲೋಳೆಸರದ ಎಲೆ ಸೀಳಿ, ಕೆಂಡದಲ್ಲಿ ಬೆಚ್ಚಗೆ ಮಾಡಿ, ಬೆರಳಿಗೆ ಇಟ್ಟು ಕಟ್ಟುತ್ತಾಳೆ. ಕಟ್ಟುವಾಗ ಒಂದೇ ಮಾತು ಕೇಳುತ್ತಾಳೆ:

"ಕಚ್ಕೊಂಡ್ಯಾ?"

"ಇಲ್ಲ."

ಒಂದು ಬೆಳಗ್ಗೆ ವ್ಯಾನು ಬೇಲಿಯ ಹತ್ತಿರ ನಿಂತಾಗ ಮಾಸ್ ಗ್ಲಾಸ್ಟನ್ ಸಣ್ಣಗೆ ಸಿಳ್ಳೆ ಹಾಕಿದರು. ಮರದ ಕೈಗೆ ಬೆರಳಿರಲಿಲ್ಲ. ಮುಷ್ಟಿ ಮಾತ್ರ ಉಳಿದು, ಯಾರಿಗೋ ಗುದ್ದಲು ನಿಂತಂತೆ ಕಾಣುತ್ತಿತ್ತು. ಬೆರಳು ಹುಲ್ಲಿನಲ್ಲಿ ಬಿದ್ದಿತ್ತು, ಬುಡದಲ್ಲಿ ಮಚ್ಚಿನ ಒಂದೇ ಏಟು. ನಮ್ಮ ಮನೆಯ ಮಚ್ಚಿನ ಅಲಗಿಗೆ ಬಿಳಿ ಬಣ್ಣ ಹತ್ತಿದ್ದನ್ನು ನಾನು ಹಿತ್ತಲಲ್ಲಿ ಆಗಲೇ ನೋಡಿದ್ದೆ.

ಟುಲಕ್ ಬಂದು ನೋಡಿದರು. "ಏನಿದು? ಯಾರ ಕೆಲಸ?"

"ಕೊಳೆತು ಬಿದ್ದಿರ್ಬೇಕು ಸಾರ್," ಎಂದೆ.

ಮಾಸ್ ಗ್ಲಾಸ್ಟನ್ ಕೆಮ್ಮಿದರು. "ಒಳ್ಳೆ ಮರಾನೇ ಹಾಕಿದ್ರು. ಆದ್ರೆ ಏನ್ಮಾಡೋದು ಸಾರ್, ತೋರಿಸಬಾರದ್ದನ್ನ ತೋರಿಸಿದ್ರೆ ಮರ ಆದ್ರೇನು, ಮಾಂಸ ಆದ್ರೇನು."

ಟುಲಕ್ ನನ್ನ ಕಟ್ಟಿದ ಬೆರಳನ್ನು ನೋಡಿದರು, ಮುಷ್ಟಿಯನ್ನು ನೋಡಿದರು. ಒಂದು ಕ್ಷಣ ಅವರ ಬಲಗೈ ಜೇಬಿನೊಳಕ್ಕೆ ಹೋಯಿತು. ಅವರೂ ಇದೇ ದ್ವೀಪದವರು. ಆಮೇಲೆ ನಕ್ಕುಬಿಟ್ಟರು.

"ನಮ್ಮ ಮನೇಲೂ ಹೇಳ್ತಿದ್ರು ಇದನ್ನ. ಡೆಲ್ರೀನ್, ಇದನ್ನೂ ಅತಿಥಿಗಳಿಗೆ ಹೇಳು. ತುಂಬ ಇಷ್ಟಪಡ್ತಾರೆ. ಬೋರ್ಡನ್ನ ಈ ಸಲ ಕಬ್ಬಿಣದಲ್ಲಿ ಮಾಡಿಸ್ತೀನಿ."

ಹೇಳಲೇಬೇಕಾಯಿತು. ಹೇಳಿದರೆ ಬೊಟ್ಟು ಮಾಡುವುದನ್ನಾದರೂ ಬಿಟ್ಟಾರು ಎಂದು ನಂಬಿದ್ದೆ. ಅತಿಥಿಗಳು ಕೇಳಿ ಸಂತೋಷಪಟ್ಟರು. ಬೇಕೆಂದೇ ಬೆರಳು ಚಾಚಿ, ಕಿರುಚಿದಂತೆ ಮಾಡಿ, ಹತ್ತೂ ಬೆರಳನ್ನು ಬಾಯಿಗೆ ತುರುಕಿಕೊಂಡು ಒಬ್ಬರಿಗೊಬ್ಬರು ಫೋಟೋ ತೆಗೆದರು. ಅಮ್ಮನ ಗಿಡದ ಎಲೆಗಳು ಗಾಳಿಗೆ ಅಲುಗಾಡುತ್ತಿದ್ದವು.

"ಆ ಹಳದಿ ಗಿಡದ ಕೆಳಗೆ ಯಾರು?" ಎಂದು ಒಬ್ಬಳು ಬೊಟ್ಟು ಮಾಡಿ ಕೇಳಿದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದಳು.

ಟುಲಕ್ ಹಾಕಿಸಿದ ಹೊಸ ಬೇಲಿ ದಾಟಿ ಹೋಗಿ ಗಿಡಕ್ಕೆ ಬೆನ್ನು ಕೊಟ್ಟು ನಿಂತೆ. ಆಗ ಅವಳ ಬೆರಳು ಅಮ್ಮನನ್ನು ತೋರಿಸುತ್ತಿರಲಿಲ್ಲ. ನನ್ನ ಎದೆಯನ್ನು ತೋರಿಸುತ್ತಿತ್ತು. ಅಷ್ಟು ಜನ ನನ್ನೊಬ್ಬಳನ್ನೇ ನೋಡುವುದು ನನಗೆ ಸಾವಿನಂಥದ್ದು, ಆದರೂ ಅಲುಗಾಡಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದು, ಏನೋ ಅರ್ಥವಾದವಳಂತೆ ನಕ್ಕು, ಫೋನು ಎತ್ತಿ ನನ್ನ ಫೋಟೋ ತೆಗೆದಳು. ಉಳಿದವರೂ ತೆಗೆದರು.

ಈಗ ಪ್ರತಿ ಸುತ್ತಿನಲ್ಲೂ ಹಾಗೇ ನಿಲ್ಲುತ್ತೇನೆ. ಫೋಟೋಕ್ಕೆ ನಿಲ್ಲುತ್ತೇನೆಂದು ಅವರು ತಿಳಿದಿದ್ದಾರೆ. ಕಬ್ಬಿಣದ ಕೈ ಇನ್ನೂ ಬಂದಿಲ್ಲ. ಬರುತ್ತದೆ.

ಇವತ್ತು ಸಂಜೆ ದೊಡ್ಡಮ್ಮ ಕಟ್ಟು ಬಿಚ್ಚಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಕಚ್ಕೊಂಡ್ಯಾ ಎಂದು ಕೇಳಲಿಲ್ಲ. ನನ್ನ ಕೈಯನ್ನು ತನ್ನ ಎರಡು ಕೈಗಳೊಳಗೆ ತೆಗೆದುಕೊಂಡು, ಚಿಕ್ಕ ಮಗುವಿಗೆ ಮಾಡುವ ಹಾಗೆ, ಆ ಬೆರಳನ್ನು ಮೆಲ್ಲಗೆ ಅಂಗೈಯೊಳಕ್ಕೆ ಮಡಚಲು ನೋಡಿದಳು.

ಊದಿದ ಬೆರಳು ಮಡಚಿಕೊಳ್ಳಲಿಲ್ಲ.